ಹಿಂಬದಿಯ ಗೋಡೆ

“ಲಾಂಡ್ರಿ ಕಟ್ಟು ಅಂದ್ರೆ ಲಾಟೀನು ಕಟ್ಕೊಂಡು ಬಂದಿದಾನೆ, ನೋಡ್ರಪ್ಪ ಎಲ್ಲರೂ!” ಸ್ವಿಚ್ಚಿನ ಮೇಲಿಂದ ಕೈ ತೆಗೆಯದೆಯೇ ಫ್ಯೂಸ್ ಮಾಮ ಕೂಗಿದರು. “ಎಂಟನೇ ಕ್ಲಾಸಿಗೇ ಶಾಲೆಗೆ ಬೆನ್ನು ತೋರಿಸಿದೋನು. ತಲೆಗೆ ಬರ್ಬೇಕಾದ ಬೆಳಕೆಲ್ಲಾ ಗೋಡೆಗೆ ಬಂದ್ಬಿಟ್ಟಿದೆ!”

ಪರದೆ ಎಳೆದು ಕತ್ತಲು ಮಾಡಿದ್ದ ಗ್ರಂಥಾಲಯದ ಹಾಲಿನಲ್ಲಿ ನಗು ಎದ್ದಿತು. ವರ್ಷದ ಕೊನೆಯ ರಜೆಗೆ ಇಲ್ಲಿ ಉದ್ದನೆಯ ಮೇಜುಗಳ ಮೇಲೆ ಆಟಿಕೆ ಇಟ್ಟಿಗೆಯ ಪೇಟೆಯೊಂದು ಏಳುತ್ತದೆ. ಒಬ್ಬೊಬ್ಬರು ಒಂದೊಂದು ಕಟ್ಟಡ ಕಟ್ಟಿ ತಂದು, ಒಳಗೆ ದೀಪ ಕೂರಿಸುತ್ತಾರೆ. ಬೇಕರಿ, ಸಿನಿಮಾ ಮಂದಿರ, ಗಡಿಯಾರದ ಗೋಪುರ ಎಲ್ಲವೂ ಕಿಟಕಿಗಳಲ್ಲಷ್ಟೇ ಮಿನುಗುತ್ತಿದ್ದವು. ಮಾಮನ ಕಪ್ಪು ರೈಲು ಶೆಡ್ಡಿನ ಪಕ್ಕದಲ್ಲಿ ನಿಂತಿದ್ದ ಆ ಬಿಳಿ ಲಾಂಡ್ರಿ ಮಾತ್ರ ಬುಡದಿಂದ ತುದಿಯವರೆಗೆ ಉರಿಯುತ್ತಿತ್ತು. ಕಿಟಕಿ ಯಾವುದು, ಗೋಡೆ ಯಾವುದು ತಿಳಿಯುವಂತಿರಲಿಲ್ಲ. ಬಿಳಿ ಇಟ್ಟಿಗೆ ಬೆಳಕನ್ನು ತಡೆಯುವುದಿಲ್ಲ ಎಂಬುದು ಕಟ್ಟಿದವನಿಗೆ ಗೊತ್ತಾದದ್ದೇ ಈಗ. ಅವನು ದೀಪ ಹಚ್ಚಿ ನೋಡಿದ್ದು ಮಟಮಟ ಮಧ್ಯಾಹ್ನ, ತಾನು ರಿಪೇರಿ ಮಾಡುತ್ತಿದ್ದ ಅಂಗಡಿಯೊಂದರ ಶಟರಿನ ಕೆಳಗೆ ಕೂತು.

ಅವನನ್ನು ಎಲ್ಲರೂ ಸಿಡುಕ ಅನ್ನುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಒಂದು ಮಾತಿಗೆ ಎರಡು ಮಾತು ವಾಪಸು ಕೊಡದೆ ಬಿಟ್ಟವನೇ ಅಲ್ಲ.

“ನಿಮ್ಮ ತಲೇಲಿ ಬೆಳಕಿದ್ದಿದ್ರೆ ಊರಲ್ಲಿ ಅಷ್ಟು ಸಲ ಕರೆಂಟ್ ಹೋಗ್ತಿರ್ಲಿಲ್ಲ ಮಾಮ,” ಅಂದ.

ನಗು ಈಗ ಆ ಕಡೆಗೆ ತಿರುಗಿತು. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿ ಇಳಿದು ನಿವೃತ್ತರಾದ ಮಾಮ ಮಿಸುಕಲಿಲ್ಲ. “ಬಾಯಿಗೇನೂ ಬರಗಾಲ ಇಲ್ಲ. ನಾಳೆ ಸಂಜೆ ಜನ ಬರೋದ್ರೊಳಗೆ ಒಳಗಡೆ ಕಪ್ಪು ಗೋಡೆ ಎಬ್ಬಿಸು. ಇಲ್ಲಾಂದ್ರೆ ವೈರ್ ಕಿತ್ತಾಕ್ತೀನಿ. ಕತ್ತಲಲ್ಲೇ ಕೂತ್ಕೊಳ್ಲಿ ನಿನ್ ಲಾಂಡ್ರಿ.”

ಯಾವ ಕಟ್ಟಡ ಬೇಕಾದರೂ ಕತ್ತಲಲ್ಲಿ ಕೂರಲಿ, ಇದು ಕೂರುವಂತಿರಲಿಲ್ಲ. ನಾಳೆ ಅಕ್ಕ ಬರುತ್ತಿದ್ದಳು.

ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕನೇ. ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಸಾಕಿದಳು. ಮನೆಯಲ್ಲಿ ಒಬ್ಬನೇ ಬಿಡಲಾಗದೆ ಅವನನ್ನು ಜೊತೆಗೇ ಕರೆತಂದು, ಹಿಂದಿನ ಬಾಯ್ಲರ್ ಕೋಣೆಯಲ್ಲಿ ಆಗಷ್ಟೇ ಒಣಗಿದ ಹಾಸಿಗೆ ಬಟ್ಟೆಗಳ ಗುಡ್ಡೆಯ ಮೇಲೆ ಮಲಗಿಸುತ್ತಿದ್ದಳು. ಅಷ್ಟು ಬೆಚ್ಚಗಿನ ಹಾಸಿಗೆಯಲ್ಲಿ ಯಾವ ದೊರೆಯ ಮಗನೂ ಮಲಗಿರಲಿಕ್ಕಿಲ್ಲ ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಲಾಂಡ್ರಿ ಮುಚ್ಚಿ, ಆ ಕಟ್ಟಡ ಬಿದ್ದು, ಅಲ್ಲೀಗ ಮೊಬೈಲ್ ಅಂಗಡಿ. ಅಕ್ಕನ ಬಳಿ ಉಳಿದದ್ದು ಎರಡು ಸೋತ ಮಂಡಿಗಳು. ಅವಳಿಗೆ ‘ನಿನ್ನಿಂದ ಬದುಕಿದೆ’ ಎಂದು ಹೇಳಲು ಅವನಿಗೆ ಬಾಯಿ ಬರುವುದಿಲ್ಲ. ಜಗಳಕ್ಕೆ ಬರುತ್ತದೆ, ಇಂಥದ್ದಕ್ಕೆ ಬರುವುದಿಲ್ಲ. ಅದಕ್ಕೇ ಕಟ್ಟಿದ್ದು.

ಬಿಡಿ ಇಟ್ಟಿಗೆಗಳ ಡಬ್ಬಗಳನ್ನು ಕಾಯುತ್ತಿದ್ದ ಚಿಕ್ಕಮ್ಮನ ಹತ್ತಿರ ಹೋದ. ಯಾರ ಚಿಕ್ಕಮ್ಮನೋ, ಆ ಹಾಲಿಗೆಲ್ಲ ಅವಳು ಚಿಕ್ಕಮ್ಮನೇ.

“ಕಪ್ಪು ಒಂದೂ ಇಲ್ಲ ಕಣೋ. ಇದ್ದದ್ದನ್ನೆಲ್ಲ ಮಾಮ ಶೆಡ್ಡಿಗೆ ಬಳಿದುಕೊಂಡು ಹೋದ್ರು.”

“ಗೊತ್ತಿತ್ತು ಬಿಡಿ. ಕಪ್ಪು ಗೋಡೆ ಎಬ್ಬಿಸು ಅಂತಾರೆ, ಕಪ್ಪು ತಾವೇ ನುಂಗಿ ಕೂತಿದಾರೆ. ಅವರ ಹತ್ರ ಕೈ ಚಾಚೋ ಬದಲು ಕಟ್ಟಿದ್ದನ್ನ ಒಡೆದು ಹಾಕ್ತೀನಿ.”

ಮರುದಿನ ಬೆಳಿಗ್ಗೆ ನಿಜಕ್ಕೂ ಒಡೆದು ಹಾಕುವ ಮನಸ್ಸಿನಲ್ಲೇ ಬಂದ. ಲಾಂಡ್ರಿಯ ಚಾವಣಿಯ ಮೇಲೆ ಒಂದು ಚಪ್ಪಲಿ ಡಬ್ಬ ಕೂತಿತ್ತು. ಮುಚ್ಚಳ ತೆಗೆದರೆ, ತುಂಬ ಕಪ್ಪು ಇಟ್ಟಿಗೆ.

“ಎಲ್ಲೋ ಮೂಲೇಲಿ ಸಿಕ್ತು,” ಅಂದಳು ಚಿಕ್ಕಮ್ಮ, ಅವನ ಮುಖ ನೋಡದೆ. “ಬಾಯಿ ಮುಚ್ಕೊಂಡು ಕಟ್ಟು.”

ಕಟ್ಟಿದ. ಬಿಳಿ ಗೋಡೆಯ ಬೆನ್ನಿಗೇ ಕಪ್ಪು ಗೋಡೆ ಏಳುತ್ತಾ ಹೋಯಿತು. ಕೂದಲೆಳೆಯಂಥ ವೈರನ್ನು ಎರಡರ ನಡುವೆ ಎಳೆದು ತಂದ. ಒಳಗೋಡೆ ಬಂದಷ್ಟೂ ಕೋಣೆಗಳು ಕಿರಿದಾದವು. ಇಸ್ತ್ರಿ ಮೇಜನ್ನು ಕಿಟಕಿಗೆ ಒತ್ತರಿಸಬೇಕಾಯಿತು. ಆದರೆ ಬಾಯ್ಲರ್ ಕೋಣೆಗೆ ಬಂದಾಗ ಲೆಕ್ಕ ತಪ್ಪಿತು. ಕಪ್ಪು ಗೋಡೆ ಇಟ್ಟರೆ ಬಟ್ಟೆಯ ಗುಡ್ಡೆಗೆ ಜಾಗವಿಲ್ಲ, ಗುಡ್ಡೆ ಇಟ್ಟರೆ ಗೋಡೆಗೆ ಜಾಗವಿಲ್ಲ. ಸಿಡುಕ ಎರಡನ್ನೂ ಇಟ್ಟು ತೆಗೆದು ನೋಡಿದ. ಆಮೇಲೆ ಉಳಿದ ಕಪ್ಪು ಇಟ್ಟಿಗೆಗಳನ್ನು ಡಬ್ಬಕ್ಕೆ ಸುರಿದು ಮುಚ್ಚಿದ. ಹಿಂಬದಿ ತಾನೇ? ಯಾರು ನೋಡುತ್ತಾರೆ?

ಸಂಜೆ ಜನವೋ ಜನ. ಅಕ್ಕ ಕೋಲೂರಿಕೊಂಡು ಬಂದಳು, ಪೆಟ್ಟಿಗೆಯ ಅಡಿಯಿಂದ ತೆಗೆದ ಸೀರೆ ಉಟ್ಟು. ಲಾಂಡ್ರಿಯ ಕಿಟಕಿಗಳು ಹದವಾಗಿ ಬೆಳಗುತ್ತಿದ್ದವು. ಗೋಡೆ ಗೋಡೆಯ ಹಾಗೇ ಇತ್ತು. ಅವಳು ಬಗ್ಗಿ ನೋಡಿದಳು, ಬೋರ್ಡು ಓದಿದಳು, ತಲೆಯಾಡಿಸಿದಳು.

“ಚೆನ್ನಾಗಿದೆ ಕಣೋ. ಥೇಟ್ ಹಾಗೇ ಇದೆ,” ಅಂದಳು. ಮದುವೆ ಮನೆಯಲ್ಲಿ ಅಡುಗೆ ಚೆನ್ನಾಗಿದೆ ಅನ್ನುವ ಹಾಗಿತ್ತು ಆ ಮಾತು.

ಅಕ್ಕ ಇನ್ನೂ ಮುಂಬಾಗಿಲನ್ನೇ ನೋಡುತ್ತಿದ್ದಳು. “ನಾವು ಈ ಬಾಗಿಲಲ್ಲಿ ಯಾವತ್ತು ಹೋಗಿದ್ವಿ? ಬಿಡ್ತಿದ್ನಾ ಆ ಮಾಲೀಕ ಮಹಾರಾಯ?” ಎಂದವಳೇ ಕೋಲನ್ನು ಮುಂದೆ ಮಾಡಿ, ಮೇಜಿಗೂ ಹಾಲಿನ ಗೋಡೆಗೂ ನಡುವಿನ ಸಂದಿಗೆ ಅಡ್ಡಡ್ಡವಾಗಿ ನುಸುಳಿದಳು.

“ಅಕ್ಕಾ, ಅಲ್ಲಿ ವೈರ್ ಇದಾವೆ...” ಅವನೂ ಹಿಂದೆಯೇ ನುಗ್ಗಿದ.

ಹಿಂಬದಿಯ ಗೋಡೆ ಕೆಂಡದ ಬಣ್ಣದಲ್ಲಿ ಹೊಳೆಯುತ್ತಿತ್ತು. ಬೆಳಕು ಸೋರುತ್ತಿದ್ದ ಆ ಬಿಳಿ ಇಟ್ಟಿಗೆಗಳ ಮೇಲೆ ಒಳಗಿನ ಗುಡ್ಡೆಯ ನೆರಳು ಬಿದ್ದಿತ್ತು. ಅದರ ಮೇಲೆ ಮುದುರಿದ ಇನ್ನೊಂದು ಪುಟ್ಟ ನೆರಳು.

ಅಕ್ಕ ಇಸ್ತ್ರಿ ಪೆಟ್ಟಿಗೆಯ ಬಿಸಿ ನೋಡುವವಳಂತೆ ಬೆರಳ ತುದಿಯನ್ನು ಗೋಡೆಗೆ ಮುಟ್ಟಿಸಿ ತೆಗೆದಳು.

“ನೀನು ಮಂಡಿ ಮಡಚಿ ಮಲಗ್ತಿದ್ದೆ. ಇವನು ನೋಡಿದ್ರೆ ಸೊಂಟ ಮಡಚಿದಾನೆ.”

“ಈ ಬೊಂಬೆಗಳಿಗೆ ಮಂಡಿ ಇರಲ್ಲ ಅಕ್ಕ.”

“ಪುಣ್ಯ ಮಾಡಿದಾವೆ ಬಿಡು,” ಎಂದು ಅಕ್ಕ ತನ್ನ ಮಂಡಿ ಸವರಿಕೊಂಡು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಗೋಡೆಯ ಕಡೆ ಬಗ್ಗಿದಳು.

ಅವಳ ಮುಖ ನೋಡಲಾಗದೆ ಅವನು ಪಕ್ಕಕ್ಕೆ ತಿರುಗಿದ. ಅಲ್ಲಿ ಮಾಮನ ರೈಲು ಶೆಡ್ಡಿನ ಬೆನ್ನಿತ್ತು. ಮುಂದಿನಿಂದ ಇದ್ದಲಿನಂತೆ ಕಪ್ಪಗಿದ್ದ ಶೆಡ್ಡು ಹಿಂದೆ ಕೆಂಪು, ಹಳದಿ, ಹಸಿರು, ನೀಲಿ ತೇಪೆಗಳ ಕೌದಿಯಾಗಿತ್ತು. ಅಲ್ಲಿ ಒಂದೇ ಒಂದು ಕಪ್ಪು ಇಟ್ಟಿಗೆ ಉಳಿದಿರಲಿಲ್ಲ. ಅವನಿಗೆ ಬೆಳಗಿನ ಚಪ್ಪಲಿ ಡಬ್ಬ ನೆನಪಾಯಿತು.

“ಲೋ ಲಾಟೀನು!” ಮೇಜಿನ ಆಚೆಯಿಂದ, ಅಷ್ಟೂ ಜನರ ಮುಂದೆ, ಮಾಮನ ದನಿ ಬಂತು. “ಹಿಂದ್ಗಡೆ ಇನ್ನೂ ಬೆಳಕು ಸೋರ್ತಾ ಇದೆ! ಡಬ್ಬದ ತುಂಬ ಕಪ್ಪಿದ್ರೂ ಒಂದು ಗೋಡೆ ಮುಚ್ಚೋಕಾಗ್ಲಿಲ್ವೇನೋ ನಿನ್ ಕೈಲಿ?”

ಜನ ನಕ್ಕರು. ಕಟ್ಟಡ ಕಟ್ಟಿ ತಂದ ಬಳಗದವರು ಬರಲಿರುವ ಎದುರೇಟಿಗೆ ಕಿವಿ ನೆಟ್ಟಗೆ ಮಾಡಿಕೊಂಡು ಕಾದರು. ಏಟು ನಾಲಿಗೆಯ ತುದಿಯಲ್ಲೇ ಇತ್ತು, ಬಣ್ಣಬಣ್ಣದ್ದು. ಸಿಡುಕ ಸಂದಿಯಿಂದ ಹೊರಬಂದು ಬಾಯಿ ತೆರೆದ. ಮಾಮನ ಮುಖ ನೋಡಿದ.

ಬಾಯಿ ಮುಚ್ಚಿದ. ಅವರ ಪಕ್ಕದಿಂದಲೇ ಹಾದು, ಅಕ್ಕನಿಗೊಂದು ಕುರ್ಚಿ ತರಲು ಬಾಗಿಲ ಕಡೆ ನಡೆದ.