ಅವನ ಬದಿಯ ದೀಪ

ಹಾದುಹೋದ ಗೂಡ್ಸ್ ರೈಲಿನ ಬೆನ್ನಿಗೆ ಕೆಂಪು ದೀಪವೊಂದು ಮಿಣುಕುತ್ತಾ ಹೋಗುತ್ತಿದೆ, ಆರುತ್ತದೆ, ಹತ್ತುತ್ತದೆ, ಬ್ಯಾಟರಿಯದ್ದು, ಇದಕ್ಕೆ ಎಣ್ಣೆ ಬೇಡ, ಬತ್ತಿ ಬೇಡ, ಹತ್ತಿಸಲು ಯಾರೂ ಬೇಡ, ಪಕ್ಕದಲ್ಲಿ ಚೆನ್ನಯ್ಯ ಇನ್ನೂ ಮಾತಾಡುತ್ತಲೇ ಇದ್ದಾರೆ, ಇದೇ ಮಂಜೇಶ್ವರ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು, ಈಗಷ್ಟೇ ತಾವು ಏನು ಹೇಳಿಬಿಟ್ಟೆವೆಂದು ಅವರಿಗೆ ಗೊತ್ತಿಲ್ಲ. ಈಗ ಕರೆಂಟಿನ ಕಂಬ ಹಾಕ್ತಾ ಇದ್ದಾರೆ, ಆಗ ನೋಡ್ಬೇಕಿತ್ತು ಸತ್ಯವತಿಯಕ್ಕ, ಎಪ್ಪತ್ತೆರಡನೇ ಇಸವಿ ಆಟಿ ತಿಂಗಳ ಮಳೆಯಲ್ಲಿ, ಆಚೆ ಶೆಡ್ಡಿನಲ್ಲಿ ಇಂಜಿನ್ ತಿರುಗಿಸುವ ಚಕ್ರ ಹಾಳಾಗಿ ಒಂದು ವಾರ ಸಂಜೆ ಗಾಡಿಯ ಇಂಜಿನ್ ಹಿಮ್ಮುಖವಾಗಿಯೇ ಬಂದದ್ದು, ಕಲ್ಲಿದ್ದಲಿನ ತೊಟ್ಟಿ ಮುಂದೆ, ಹೊಗೆಗೂಡು ಹಿಂದೆ, ಎಂತ ತಮಾಷೆ ಮಾರಾಯ್ರೆ. ತಮಾಷೆ. ಆ ವಾರವೇ, ಆ ವಾರದ ಬುಧವಾರ ಸಂಜೆಯೇ ನಾನು ಹಳಿಯ ಪಕ್ಕದ ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ನಿಂತಿದ್ದೆ, ಇಪ್ಪತ್ತು ವರ್ಷ ನನಗೆ, ಸೀರೆಯ ಸೆರಗು ಒದ್ದೆ, ಉಪ್ಪಳದ ಕಡೆಯಿಂದ ಬರುವ ಎರಡು ದೀಪಗಳಿಗಾಗಿ ಕಾಯುತ್ತಾ.

ಎರಡಲ್ಲ, ಒಂದು. ಒಂದೇ ಉರಿಯಬೇಕೆಂದು ಮಾತಾಗಿತ್ತು. ಬೋಜ ಆಗ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್, ಇಂಜಿನ್ನಿನ ಹಣೆಯ ಎರಡೂ ಎಣ್ಣೆದೀಪ ಹತ್ತಿಸುವ ಕೆಲಸ ಅವನದ್ದೇ, ಉಪ್ಪಳ ಬರುವಾಗ ಮುಸ್ಸಂಜೆ, ಅಲ್ಲಿ ಇಳಿದು ಹತ್ತಿಸುತ್ತಿದ್ದ. ನಮ್ಮ ಮದುವೆಗೆ ಅಮ್ಮನನ್ನು ಕೇಳ್ತೇನೆ ಅಂದಿದ್ದ, ಒಪ್ಪಿದರೆ ನನ್ನ ಬದಿಯದ್ದು ಮಾತ್ರ ಉರೀತದೆ, ಒಪ್ಪದಿದ್ದರೆ ಡ್ರೈವರನ ಬದಿಯದ್ದು ಮಾತ್ರ, ಇನ್ನೊಂದರ ಬತ್ತಿ ಒದ್ದೆಯಾಯ್ತು ಅಂತ ಹೇಳಿ ಬೈಗುಳ ತಿಂತೇನೆ, ಸಾಕಲ್ಲ? ನಿನ್ನ ಬದಿ ಯಾವುದೆಂದು ನಾನು ಕೇಳಲೇ ಇಲ್ಲ, ಕೇಳುವುದು ಯಾಕೆ, ದಿನಾ ಕಾಣುತ್ತಿದ್ದೆನಲ್ಲ, ಮಂಗಳೂರಿಗೆ ಹೋಗುವಾಗ ಡ್ರೈವರಿಗೆ ಸಮುದ್ರ, ಅವನಿಗೆ ಗುಡ್ಡೆ, ಗುಡ್ಡೆಯ ಬದಿಯಲ್ಲಿ ನಮ್ಮ ಮನೆ, ಮೊದಲು ದೀಪ, ಆಮೇಲೆ ಬಿಸಿಗಾಳಿ, ಆಮೇಲೆ ಕಿಟಕಿಯಲ್ಲಿ ಮಸಿ ಮೆತ್ತಿದ ಅವನ ಮುಖ, ಹಲ್ಲು ಮಾತ್ರ ಬೆಳ್ಳಗೆ. ಆ ಬುಧವಾರ ಮಳೆ, ಕತ್ತಲೆ, ತಿರುವಿನಲ್ಲಿ ದೀಪ ಕಂಡಿತು, ಒಂದೇ, ಗುಡ್ಡೆಯ ಬದಿ ಕತ್ತಲೆ, ಸಮುದ್ರದ ಬದಿ ಉರಿಯುತ್ತಿತ್ತು, ಎಷ್ಟು ಚೆನ್ನಾಗಿ ಉರಿಯುತ್ತಿತ್ತು ದೇವರೇ, ಬತ್ತಿ ಹೊಸದು ಹಾಕಿದ್ದನೋ ಏನೋ. ತಲೆ ತಗ್ಗಿಸಿದೆ, ಇಂಜಿನ್ ಹತ್ತಿರ ಬಂದಾಗ ಒಮ್ಮೆ ಕತ್ತೆತ್ತಿದರೆ ಕಿಟಕಿಯಲ್ಲಿ ಡ್ರೈವರನ ಟೊಪ್ಪಿ, ಬೋಜ ಇಲ್ಲ, ಮುಖ ತೋರಿಸಲು ನಾಚಿಕೆಯಾಗಿ ಆಚೆ ಬದಿಗೆ ಹೋಗಿದ್ದಾನೆ ಎಂದುಕೊಂಡೆ, ಹೇಡಿ ಎಂದೂ ಅಂದೆ, ಜೋರಾಗಿಯೇ ಅಂದೆ, ಚಕ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬಿಸಿಗಾಳಿ ಅವತ್ತು ತಡವಾಗಿ ಬಂತು. ಬಂದದ್ದು ಕೆನ್ನೆಗೆ ಗೊತ್ತಾಗಿತ್ತು, ತಲೆಗೆ ಗೊತ್ತಾಗಲಿಲ್ಲ. ಭಾನುವಾರ ಹರಿನಾಥರ ಕಡೆಯವರು ಬಂದರು, ಅಪ್ಪ ಕೇಳಿದರು, ಹೂಂ ಅಂದೆ. ಹರಿನಾಥರು ಒಳ್ಳೆಯವರು, ಹೋಗಿ ಆರು ವರ್ಷ, ಅವರ ಮೇಲೆ ನನ್ನದೇನೂ ದೂರಿಲ್ಲ, ಆದರೂ ಹೊಗೆ ಬಿಡುವ ಇಂಜಿನ್ನುಗಳು ನಿಂತುಹೋಗುವವರೆಗೂ ಸಂಜೆಯಾದರೆ ರೈಲಿನ ಸದ್ದಿಗೆ ಬೆನ್ನು ಹಾಕಿ ಕುಳಿತವಳು ನಾನು. ಈಗ ಹೊಳೆಯುತ್ತಿದೆ, ಇಂಜಿನ್ ತಿರುಗಿದರೆ ಮನುಷ್ಯನೂ ತಿರುಗುತ್ತಾನೆ, ಅವನ ಬದಿ ಎಂದರೆ ಅವನು ಕೂತ ಬದಿ, ಆ ವಾರ ಅದು ಸಮುದ್ರದ ಬದಿ, ರೈಲಿನವನಿಗೆ ಗುಡ್ಡೆ ಏನು, ಸಮುದ್ರ ಏನು. ಒಪ್ಪಿದ್ದರು. ಅವನ ಅಮ್ಮ ಒಪ್ಪಿದ್ದರು.

ಗಾಡಿ ಬಂತು, ನನ್ನದಲ್ಲ, ನನಗೆ ಮಂಗಳೂರು, ಮಗಳು ಅಕ್ಷಯಾಳ ಮನೆ, ಇದು ಕುಂಬಳೆಗೆ ಹೋಗುವುದು, ಚೆನ್ನಯ್ಯ ಎದ್ದು ಚೀಲ ಹುಡುಕುತ್ತಿದ್ದಾರೆ. ನಮ್ಮ ಬೋಜನನ್ನು ನೋಡಿ ಬರ್ತೇನೆ ಅಕ್ಕ, ಕಣ್ಣು ಪೂರಾ ಹೋಗಿದೆ ಪಾಪ, ನಿಮ್ಮನ್ನು ಒಮ್ಮೊಮ್ಮೆ ಕೇಳುವುದುಂಟು, ಆ ಬಾವಿಕಟ್ಟೆ ಮನೆಯವಳು ಹೇಗಿದ್ದಾಳೆ ಅಂತ. ಕೇಳುವುದುಂಟು. ನಲವತ್ತೈದು ವರ್ಷ ಅವನೂ ನನ್ನನ್ನು ಏನೇನು ಅಂದುಕೊಂಡಿರಬೇಕು, ಉತ್ತರ ಕಂಡೂ ಬೇರೆಯವನಿಗೆ ಕೊರಳೊಡ್ಡಿದವಳು ಎಂದೇ ಅಲ್ಲವೇ. ಹೇಳಲಿಕ್ಕೆ ಎಂತಾದರೂ ಉಂಟಾ ಅಂತ ಬಾಗಿಲಿನಿಂದ ಕೇಳುತ್ತಿದ್ದಾರೆ, ಗಾಡಿ ಅಲುಗಿತು, ನಾನು ಕಂಬಿ ಹಿಡಿದು ಜೊತೆಗೇ ನಡೆಯುತ್ತಿದ್ದೇನೆ, ಮಂಡಿ ನೋವು ಎಲ್ಲಿ ಹೋಯಿತೋ, ದೀಪ ಕಂಡಿತ್ತು ಅಂತ ಹೇಳಿ, ಯಾವ ದೀಪ ಅಕ್ಕ, ಸಮುದ್ರದ ಬದಿಯದ್ದು, ಅಷ್ಟೇ ಹೇಳಿ, ಸಮುದ್ರದ ಬದಿಯದ್ದು ಉರಿಯುತ್ತಿತ್ತು ಅಂತ, ಅವನಿಗೆ ಗೊತ್ತಾಗ್ತದೆ, ಕೈ ಜಾರಿತು, ಡಬ್ಬಿಗಳು ದಾಟುತ್ತಿವೆ, ಕೇಳಿಸಿತೋ ಇಲ್ಲವೋ, ಚೆನ್ನಯ್ಯ ತಲೆಯಾಡಿಸಿದ ಹಾಗಿತ್ತು, ಅವನಿಗೆ ಗೊತ್ತಾಗುತ್ತದೆ, ಫೈರ್‌ಮನ್ ಅಲ್ಲವೇ, ನಾನು ಬದಿ ತಪ್ಪಿ ತಿಳಿದದ್ದು ಗೊತ್ತಾಗುತ್ತದೆ, ಮಳೆ, ತಿರುವು, ಗುಡ್ಡೆಯ ಬದಿ ಕತ್ತಲೆ, ಸಮುದ್ರದ ಬದಿ ಒಂದು ದೀಪ, ಉರಿಯುತ್ತಿತ್ತು, ಅವನ ಬದಿಯ ದೀಪ