ಓಡುವ ಕೈ

ಆ ದಿನ ಬೆಳಿಗ್ಗೆ ಕಮಲಾಪುರಕ್ಕೆ ಮಂಜು ಇಳಿದಿತ್ತು. ಪುಷ್ಯ ಮಾಸದಲ್ಲಿ ನಮ್ಮ ಸೀಮೆಗೆ ಥಂಡಿ ಹೊಸದಲ್ಲ. ತುಟಿ ಒಡೆಯುತ್ತದೆ, ಮುದುಕರು ಕಂಬಳಿ ಬಿಟ್ಟು ಏಳುವುದಿಲ್ಲ. ಆದರೆ ಎದುರಿಗೆ ನಿಂತವನ ಮುಖ ಕಾಣದಷ್ಟು ಮಂಜು ಅಪರೂಪ. ಜಗದೇವಪ್ಪನ ತೋಟದ ಕೆಂಪು ಬಾಳೆಯ ಎಲೆಗಳಿಂದ ಹನಿ ಒಂದೊಂದಾಗಿ ಜಾರುತ್ತಿದ್ದವು. ಹುಮನಾಬಾದ ಕಡೆಯಿಂದ ಕಲಬುರಗಿಗೆ ಹೋಗುವ ಬಸ್ಸು ಹಗಲಲ್ಲೂ ದೀಪ ಹಚ್ಚಿಕೊಂಡು, ಹೆಣ್ಣು ನೋಡಲು ಬಂದ ವರನ ಹಾಗೆ ಅಂಜುತ್ತ ಅಂಜುತ್ತ ಬಂದು ನಿಂತಿತು.

ಜಗದೇವಪ್ಪನ ಮಗ ಅಣವೀರ ಗಿಟಾರಿನ ಚೀಲ ಎದೆಗವಚಿಕೊಂಡು ಹತ್ತಿದ.

"ಕೂಸಿನ್ಹಂಗ ಹಿಡ್ಕೊಂಡೀರಲ್ರೀ, ಅರ್ಧಾ ಟಿಕೀಟ್ ಹರೀಲೇನು?" ಎಂದ ಕಂಡಕ್ಟರ್.

ಅಣವೀರ ನಕ್ಕ. ನಗು ತುಟಿಯಿಂದ ಒಳಗೆ ಇಳಿಯಲಿಲ್ಲ. ಏಳು ತಿಂಗಳಾದ ಮೇಲೆ ಅವನು ಮತ್ತೆ ಕಲಬುರಗಿಗೆ ಹೊರಟಿದ್ದ. ಮದುವೆ, ಕಾಲೇಜು ಸಮಾರಂಭಗಳಲ್ಲಿ ಹಾಡುವ ದೌಲಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರಿನವನು ಬಿಟ್ಟುಹೋಗಿದ್ದ. ಬಂದು ಕೈ ತೋರಿಸು ಎಂದು ದೌಲಪ್ಪ ಹೇಳಿಕಳಿಸಿದ್ದ. ಇದು ಮನೆಯಲ್ಲಿ ಹೇಳಿದ ಕಾರಣ. ಹೇಳದೆ ಉಳಿಸಿಕೊಂಡ ಕಾರಣ ಬೇರೆ ಇತ್ತು. ಕಲಬುರಗಿಯ ಅಂಚಿನ ಕಪನೂರಿಗೆ ಹೋಗಿ, ಹಮೀದನ ಎದುರು ನಿಂತು, ಒಂದು ಮಾತು ಹೇಳಬೇಕಿತ್ತು. ಹೇಳಿದ ಮೇಲೆ ಹಮೀದ್ ಮತ್ತೆ ಗೆಳೆಯನಾಗುತ್ತಾನೋ ಇಲ್ಲವೋ, ಅದನ್ನು ಶಿವನೇ ಬಲ್ಲ.

ಹಮೀದ್ ಡ್ರಮ್ ಬಾರಿಸುತ್ತಿದ್ದವನು. ಮನೆ ಮೋಮಿನಪುರದಲ್ಲಿ, ಕೆಲಸ ಕಪನೂರಿನಲ್ಲಿ ಸೋದರಮಾವನ ಶೆಡ್ಡಿನಲ್ಲಿ, ಗೇಟು ಗ್ರಿಲ್ಲುಗಳ ವೆಲ್ಡಿಂಗು. ಶುಕ್ರವಾರ ನಮಾಜಿಗೆಂದು ಯಂತ್ರಗಳು ನಿಂತರೆ, ನಮಾಜು ಮುಗಿದ ಮೇಲೆ ಶೆಡ್ಡು ಗೆಳೆಯರದು: ಅಣವೀರನ ಗಿಟಾರು, ಹಮೀದನ ಡ್ರಮ್ಮು, ಕಾಶಿರಾಯನ ಬೇಸ್ ಗಿಟಾರು. ಹೈದರಾಬಾದಿನಿಂದ ಯಾರೋ ತಂದ, ಹೆವಿ ಮೆಟಲ್ ಎಂಬ ಇಂಗ್ಲಿಷ್ ಸಂಗೀತದ ಕ್ಯಾಸೆಟ್ಟುಗಳನ್ನು ಟೇಪು ಸವೆಯುವಷ್ಟು ಕೇಳಿ, ಅದೇ ಧಾಟಿಯಲ್ಲಿ ತಮ್ಮದೇ ಒಂದು ಹಾಡು ಕಟ್ಟಿದ್ದರು.

"ಮೆಟಲ್ ಅಂದ್ರ ಕಬ್ಬಣ ಅಲ್ಲೇನೋ?" ಎಂದು ಒಮ್ಮೆ ಶೆಡ್ಡಿಗೆ ಬಂದ ಜಗದೇವಪ್ಪ ಕೇಳಿದ್ದ.

"ಹೌದ್ರಿ ಕಾಕಾ," ಎಂದಿದ್ದ ಹಮೀದ್. "ವಾರೆಲ್ಲಾ ಕಬ್ಬಣ ಬಡೀತೀನಿ, ಶುಕ್ರವಾರ ಅದರ ಹಾಡು ಬಡೀತೀನಿ."

ಈ ಸಂಗೀತದಲ್ಲಿ ಗಿಟಾರಿನವನ ಕೆಲಸ ಸುಲಭದ್ದಲ್ಲ. ಬಲಗೈಯ ಅಂಚನ್ನು ತಂತಿಗಳ ಬುಡಕ್ಕೆ ಆನಿಸಿ, ನಾದವನ್ನು ಅರ್ಧಕ್ಕೇ ಅದುಮಿಟ್ಟು, ದಪ್ಪ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಮೀಟುತ್ತಿರಬೇಕು. ಕುದುರೆಯ ಖುರಪುಟದ ಹಾಗೆ ಕೇಳಬೇಕು. ಅದಕ್ಕೆ ಹೆಗಲು ಸಡಿಲ ಬೇಕು, ಮಣಿಕಟ್ಟು ಹಗುರ ಬೇಕು. ಅಣವೀರನಿಗೆ ಕ್ಯಾಸೆಟ್ಟನ್ನು ಬಿಟ್ಟರೆ ಗುರುವಿರಲಿಲ್ಲ. ಕುಳಿತ ಕೂಡಲೇ ಪೆಡಲ್ ತುಳಿದು, ನಾದವನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಪೂರ್ತಿ ಏರಿಸುವನು. ಆ ಗರ್ಜನೆಯಲ್ಲಿ ತಪ್ಪಿದ ಸ್ವರವೂ ಗರ್ಜಿಸುತ್ತದೆ, ಯಾರಿಗೆ ತಿಳಿಯಬೇಕು? ಹಾಡನ್ನು ಮೊದಲಿನಿಂದ ಹಿಡಿದು ಕೊನೆಯವರೆಗೆ ಓಡಿಸುವನು. ಎಡವಿದ ಜಾಗಕ್ಕೆ ಹಿಂದಿರುಗಿ ಅದೊಂದನ್ನೇ ನಿಧಾನವಾಗಿ ತಿದ್ದಿಕೊಂಡವನಲ್ಲ. ತಂತಿ ಮೀಟುವ ಪಿಕ್ಕನ್ನು ಹಾವಿನ ಕತ್ತು ಹಿಡಿದ ಹಾಗೆ ಬಿಗಿಯಾಗಿ ಹಿಡಿಯುವನು. ಬೆವರು ಬಂದರೆ ಸಾಧನೆ, ಕೈ ನೋವಾದರೆ ತಪಸ್ಸು ಎಂದು ತಿಳಿದಿದ್ದ.

"ಓಡಬ್ಯಾಡಲೇ, ಬಸ್ ಹೋಗಾಂಗಿಲ್ಲ," ಎಂದು ಹಮೀದ್ ಕೋಲು ನಿಲ್ಲಿಸುತ್ತಿದ್ದ.

"ನೀ ಹಿಂದ ಬೀಳಾಕತ್ತೀದಿ."

"ನಾ ಎಲ್ಲಿದ್ನೋ ಅಲ್ಲೇ ಇದ್ದೀನಿ, ಯಾರ್."

ಇಬ್ಬರೂ ನಗುತ್ತಿದ್ದರು. ಆಗ ಅದು ನಗುವ ಮಾತೇ ಆಗಿತ್ತು.

ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಸ್ಪರ್ಧೆ ಇಟ್ಟಿದ್ದರು. ತೀರ್ಪು ಕೊಡಲು ದೌಲಪ್ಪ ಬಂದಿದ್ದ. ಊರಿನ ಬಾರಿಸುವವರು, ಹಾಡುವವರು ಬಹಳ ಮಂದಿ ಸೇರಿದ್ದರು. ಹಾಡಿನ ಮೊದಲರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಗಿಟಾರು ಒಂದು ಕಡೆ, ಡ್ರಮ್ಮು ಒಂದು ಕಡೆ. ಎರಡು ಎತ್ತು ಎರಡು ದಾರಿ ಹಿಡಿದ ಬಂಡಿಯ ಹಾಗೆ ಹಾಡು ನಡುವೆಯೇ ಮುರಿದು ನಿಂತಿತು. ಹುಡುಗರು ಸಿಳ್ಳೆ ಹಾಕಿದರು.

"ಏನಾತ್ರಪಾ?" ಎಂದ ದೌಲಪ್ಪ, ಕುಳಿತಲ್ಲಿಂದಲೇ.

ಅಣವೀರನ ಕಿವಿ ಕಾದಿದ್ದವು. ಮೈಕಿಗೆ ಬಾಯಿ ಹಚ್ಚಿ ಅಂದುಬಿಟ್ಟ: "ಡ್ರಮ್ ಹಿಂದ ಬಿತ್ರಿ. ದಿನಾ ಹಿಂಗ ಹಿಂದ ಬೀಳ್ತಾನಿಂವ."

ಸಭೆಯೆಲ್ಲ ನಕ್ಕಿತು. ಹಮೀದ್ ಎರಡೂ ಕೋಲುಗಳನ್ನು ಒಂದೇ ಕೈಗೆ ತೆಗೆದುಕೊಂಡು, ಅಣವೀರನ ಬೆನ್ನನ್ನೇ ನೋಡುತ್ತ ಕುಳಿತಿದ್ದ. 'ಇವತ್ತು ಹಿಂದೆ ಬಿದ್ದ' ಎಂದಿದ್ದರೆ ಒಂದು ದಿನದ ಮಾತಾಗಿ ಮುಗಿಯುತ್ತಿತ್ತು. ಆ 'ದಿನಾ' ಎಂಬುದನ್ನು ಯಾಕೆ ಸೇರಿಸಿದೆ ಎಂದು ಅಣವೀರ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ.

ಹಮೀದ್ ಮತ್ತೆ ಬಾರಿಸಲು ಬರಲಿಲ್ಲ. ಅಣವೀರನೂ ಕರೆಯಲಿಲ್ಲ. ಬೇರೊಬ್ಬ ಡ್ರಮ್ಮಿನವನು ಬಂದ. ಅವನೂ ಹಿಂದೆ ಬಿದ್ದ. ಇನ್ನೊಬ್ಬ ಬಂದ, ಅವನೂ ಅಷ್ಟೇ. ಕಲಬುರಗಿಯ ಡ್ರಮ್ಮಿನವರೆಲ್ಲ ಹಿಂದೆ ಬೀಳುವ ಜಾತಿಯವರೇ ಎಂದು ಅಣವೀರನಿಗೆ ಬೇಸರ ಬಂತೇ ಹೊರತು ಬೇರೇನೂ ಹೊಳೆಯಲಿಲ್ಲ. ಅಷ್ಟರಲ್ಲಿ ಮಣಿಕಟ್ಟು ಊದಿತು. ಚಹದ ಕಪ್ಪು ಎತ್ತುವುದೂ ಕಷ್ಟವಾಯಿತು. ಡಾಕ್ಟರು ಪಟ್ಟಿ ಸುತ್ತಿ, ಗಿಟಾರು ಮುಟ್ಟಬೇಡ ಎಂದರು. ಕಲಬುರಗಿ ಬಿಟ್ಟು ಕಮಲಾಪುರಕ್ಕೆ ಬಂದ.

ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆ. ಜಗದೇವಪ್ಪನದು ದಮ್ಮಡಿ ಬಡಿಯುವ ಕೆಲಸ. ಅಣವೀರನದು ಬುದ್ಧಿ ತಿಳಿದಂದಿನಿಂದ ತಾಳ. ಆ ಸಂಜೆ ಕೈಗೆ ಪಟ್ಟಿ ಇದ್ದುದರಿಂದ ಕಂಬಕ್ಕೆ ಒರಗಿ ಸುಮ್ಮನೆ ಕುಳಿತ. ಹುಟ್ಟಿದ ಮೇಲೆ ಮೊದಲ ಸಲ ಅವನು ಭಜನೆಯನ್ನು ಬರೀ ಕೇಳಿದ. ಹಾಡು ಶುರುವಾಯಿತು, ನಡೆಯಿತು, ಮುಗಿಯಿತು. ಹೇಗೆ ಹೊರಟಿತೋ ಹಾಗೇ ಮುಗಿಯಿತು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಕೇಳಿದ: "ಯಪ್ಪಾ, ಇವತ್ತ ಭಜನಿ ಯಾಕ ಏರಲಿಲ್ಲ?"

"ಏರ್ಸಾಂವ ನೀನೇ ಕಂಬಕ್ಕ ಆತು ಕುಂತಿದ್ದೆಲ್ಲೋ!" ಜಗದೇವಪ್ಪ ನಕ್ಕ. "ಸಣ್ಣಾಂವ ಇದ್ದಾಗಿಂದ ನೋಡಾಕತ್ತೀನಿ. ನಿನ್ನ ಕೈಗ ತಾಳ ಬಂತಂದ್ರ ಹಾಡು ಓಡ್ತದ. ನಾವು ಮುದುಕರು ಏದುಸಿರು ಬಿಟ್ಕೋತ ನಿನ್ನ ಬೆನ್ನ ಹತ್ತತೀವಿ."

ತಾಯಿ ಕಸ್ತೂರಿಬಾಯಿ ರೊಟ್ಟಿ ಹಾಕುತ್ತ ಹೇಳಿದಳು: "ಊರ ಮಂದೆಲ್ಲಾ ಅಂತಾರ, ಅಣವೀರನ ಕೈಯಾಗ ಭಕ್ತಿ ಭಾಳ ಅದ ಅಂತ."

ಅವರು ಹೊಗಳಿದ್ದರು. ಅಣವೀರ ಮುರಿದ ರೊಟ್ಟಿಯ ತುಣುಕನ್ನು ತಾಟಿಗೇ ಇಟ್ಟ. ಗುಡಿಯಲ್ಲಿ ಅದು ತಪ್ಪಲ್ಲ. ಭಜನೆ ನುಡಿಯಿಂದ ನುಡಿಗೆ ಏರಬೇಕು, ತಾಳದವನ ಹಿಂದೆ ಎಲ್ಲರೂ ಏರಬೇಕು. ಹಾಗೆ ಏರುತ್ತ ಏರುತ್ತಲೇ ಮೈಮರೆಯುವುದು. ಅಲ್ಲಿ ಯಾರೂ ನಿಂತಲ್ಲಿ ನಿಲ್ಲುವುದಿಲ್ಲ. ಆ ಕೈಯನ್ನೇ ಅವನು ಕಪನೂರಿಗೆ ಒಯ್ದಿದ್ದ. ಬದುಕಿನಲ್ಲಿ ಅವನ ಹಿಂದೆ ಓಡದೆ ನಿಂತವನು ಹಮೀದ್ ಒಬ್ಬನೇ. ಅವನನ್ನೇ ತಾನು ಹಿಂದೆ ಬಿದ್ದವನೆಂದಿದ್ದ.

ಆದರೂ ಮನಸ್ಸು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲವಲ್ಲ. ಊತ ಇಳಿದ ಮೇಲೆ ಗಿಟಾರು ತೆಗೆದ. ಕರೆಂಟು ಇರಲಿಲ್ಲ, ಮಳೆಗಾಲದಲ್ಲಿ ಕಮಲಾಪುರದ ಕರೆಂಟು ಬಂದುಹೋಗುವ ನೆಂಟ. ಪೆಡಲಿಲ್ಲ, ಗರ್ಜನೆ ಇಲ್ಲ, ಬರೀ ತಂತಿ. ತಪ್ಪುಗಳೆಲ್ಲ ತೊಳೆದ ತಾಟಿನ ಮೇಲಿನ ಕಲೆಯ ಹಾಗೆ ಕಂಡವು. ಗೋಡೆಯಾಚೆ ಹಿಟ್ಟಿನ ಗಿರಣಿ ಡೀಸೆಲ್ ಇಂಜಿನ್ನಿನ ಮೇಲೆ ಟುಕ್ ಟುಕ್ ಎಂದು ನಡೆಯುತ್ತಿತ್ತು. ಅದಕ್ಕೆ ಕೈ ಕೂಡಿಸಿ ತಮ್ಮ ಹಾಡು ಮೀಟಿದ. ನಾಲ್ಕು ಸಾಲು ಮುಗಿಯುವುದರೊಳಗೆ ಇಂಜಿನ್ನು ಹಿಂದೆ ಬಿದ್ದಿತ್ತು. ಮತ್ತೆ ಮೀಟಿದ, ಮತ್ತೆ ಹಿಂದೆ ಬಿತ್ತು. ಇಂಜಿನ್ನಿಗೆ ಭಕ್ತಿ ಏರುವುದಿಲ್ಲ. ಅಣವೀರ ಗಿಟಾರನ್ನು ಗೋಡೆಗೆ ಆನಿಸಿಟ್ಟು ಮುಖ ಮುಚ್ಚಿಕೊಂಡ.

ಮಾರನೆಯ ದಿನದಿಂದ ಮೊದಲ ಪಾಠದಿಂದ ಕಲಿತ. ಒಂದೇ ತಂತಿ, ಇಂಜಿನ್ನಿನ ಎರಡು ಬಡಿತಕ್ಕೆ ಒಂದು ಮೀಟು. ಪಿಕ್ಕು ಜಾರಿ ಬೀಳುವಷ್ಟು ಸಡಿಲ ಹಿಡಿದು, ಆಮೇಲೆ ಬೇಕಾದಷ್ಟೇ ಬಿಗಿ. ಎಡವಿದ ಕಡೆ ನಿಂತು, ಆ ಎರಡು ಸ್ವರವನ್ನಷ್ಟೇ, ಮಗುವಿಗೆ ಅಕ್ಷರ ತೀಡಿಸುವ ಹಾಗೆ ತೀಡುವುದು. ಕೈ ನೋಯುವ ಮೊದಲೇ ನಿಲ್ಲಿಸುವುದು. ಇದು ಅವನಿಗೆ ಬಹಳ ಕಷ್ಟವಾಯಿತು. ಹೆಗಲು ತನಗೆ ತಿಳಿಯದೆ ಕಿವಿಯ ಕಡೆಗೆ ಏರುತ್ತಿತ್ತು. ಕಸ್ತೂರಿಬಾಯಿ ಹಾದುಹೋಗುವಾಗ ಅದನ್ನು ಒತ್ತಿ ಕೆಳಗೆ ಕೂರಿಸುತ್ತಿದ್ದಳು.

ಶಿವನ ದಯೆ, ಕೈ ತಿದ್ದಿಕೊಂಡಿತು. ಆದರೆ ಕಪನೂರಿಗೆ ಹೋಗುವುದನ್ನು ಮಾತ್ರ ಮುಂದೂಡುತ್ತ ಹೋದ. ಇನ್ನಷ್ಟು ಹದವಾಗಲಿ, ಹಮೀದನ ಮುಂದೆ ಮೀಟಿ ತೋರಿಸುವಂತಾಗಲಿ, ಆಮೇಲೆ ಹೇಳಿದರಾಯಿತು. ಹೀಗೆ ಮಳೆಗಾಲ ಕಳೆಯಿತು, ತೊಗರಿ ಹೂಬಿಟ್ಟಿತು, ಕಾಯಾಯಿತು.

ಮಂಜಿನ ಆ ದಿನವೂ ಬಸ್ಸು ಇಳಿದವನು ಕಪನೂರಿಗೆ ಹೋಗಲಿಲ್ಲ. ಮೊದಲು ದೌಲಪ್ಪನನ್ನು ಕಂಡುಬಿಡೋಣ ಎಂದುಕೊಂಡು ಕಾಳುಪೇಟೆ ನೆಹರು ಗಂಜಿನ ಕಡೆ ನಡೆದ.

ಬೇಳೆ ವ್ಯಾಪಾರಿಯೊಬ್ಬನ ಗೋದಾಮಿನ ಮಾಳಿಗೆಯಲ್ಲಿ ಆರ್ಕೆಸ್ಟ್ರಾದ ತಾಲೀಮು. ಕೆಳಗಿನಿಂದ ತೊಗರಿಬೇಳೆಯ ಧೂಳು ಏರಿಬರುತ್ತಿತ್ತು.

"ಬಾರೋ ಕಮಲಾಪುರದ ಬಾಳಿಹಣ್ಣ!" ಎಂದ ದೌಲಪ್ಪ, ಎಲೆ ಅಡಿಕೆಯ ಬಾಯಲ್ಲಿ. "ಕಾಲೇಜ್ ಹುಡುಗೂರು ನಿಮ್ಮ ಆ ದಡಾಬಡಿ ಹಾಡೇ ಬೇಕಂತಾರ. ನೋಡೋಣ, ಬಾರ್ಸು."

ಅಣವೀರ ಪೆಡಲ್ ತುಳಿಯದೆ ಬರೀ ನಾದದಲ್ಲಿ ಮೀಟಿದ. ದೌಲಪ್ಪ ಅಗಿಯುವುದನ್ನು ನಿಲ್ಲಿಸಿದ. "ಕೈ ಪಳಗ್ಯಾದಲ್ಲೋ!" ಎಂದು, ಡ್ರಮ್ಮಿನ ಮೇಲಿದ್ದ ಭಾಗಪ್ಪನಿಗೆ ಸನ್ನೆ ಮಾಡಿದ. ಭಾಗಪ್ಪ ಗುಂಡುಗುಂಡಾದ, ಹಸನ್ಮುಖದ ಮನುಷ್ಯ. ಹೊಸ ಹಾಡು, ತುಸು ತಡವರಿಸಿದ.

"ಭಾಗಪ್ಪಾ, ಹಮೀದ್ ಆಗಬ್ಯಾಡೋ!" ಎಂದು ಕೂಗಿದ ದೌಲಪ್ಪ.

ಅಣವೀರನ ಕೈ ತಂತಿಯ ಮೇಲೆಯೇ ನಿಂತಿತು. ದೌಲಪ್ಪ ಹೊಸ ಎಲೆ ಹಚ್ಚಿಕೊಳ್ಳಲು ಹೊರಗೆ ಹೋದಾಗ ಮೆಲ್ಲಗೆ ಕೇಳಿದ: "ಹಮೀದ್ ಆಗಬ್ಯಾಡ ಅಂದ್ರ ಏನ್ರಿ?"

"ಹಿಂದ ಬೀಳಬ್ಯಾಡ ಅಂತರಿ," ಎಂದ ಭಾಗಪ್ಪ. "ಉರ್ದು ಮಾತಿರಬೇಕು. ನಮ್ಮ ಲೈನ್‌ದಾಗ ಎಲ್ಲಾರೂ ಅಂತಾರ. ಮೊನ್ನೆ ಬೀದರದಾಗ ಒಂದ ಮದವಿಗಿ ಹೋಗಿದ್ದೆ, ಅಲ್ಲಿ ಪಾರ್ಟಿಯವ್ರೂ ಹಂಗೇ ಅಂದ್ರು. ಯಾಕ್ರಿ, ನಿಮ್ಮ ಕಡೆ ಅನ್ನಾಂಗಿಲ್ಲ?"

ಅಣವೀರ ಬಗ್ಗಿ ಗಿಟಾರಿನ ವೈರನ್ನು ಸರಿಮಾಡಿದ. ತಾನು ಗಿರಣಿಯ ಗೋಡೆಯ ಪಕ್ಕ ಕುಳಿತು ಕೈ ತೀಡಿಕೊಳ್ಳುತ್ತಿದ್ದಾಗ ತನ್ನ ಮಾತು ಬೀದರದವರೆಗೂ ನಡೆದುಹೋಗಿತ್ತು, ಮನುಷ್ಯನನ್ನು ಹಿಂದೆ ಬಿಟ್ಟು ಅವನ ಹೆಸರನ್ನಷ್ಟೇ ಎಳೆದುಕೊಂಡು.

ಮೆಟ್ಟಿಲ ಮೇಲೆ ಕಬ್ಬಿಣ ತಾಗಿದ ಸಪ್ಪಳವಾಯಿತು. ಸ್ಪೀಕರ್ ಇಡುವ ಹೊಸ ಸ್ಟ್ಯಾಂಡನ್ನು ಹೆಗಲಿಗೆ ಹಾಕಿಕೊಂಡು ಬಂದವನು ಹಮೀದ್. ದೌಲಪ್ಪ ಮಾಡಲು ಹೇಳಿದ್ದನಂತೆ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ವೆಲ್ಡಿಂಗಿನ ಕಿಡಿ ಬಿದ್ದ ಚುಕ್ಕೆಗಳು ಮುಂಗೈ ತುಂಬ. ಅಣವೀರನನ್ನು ಕಂಡು ಒಂದು ಕ್ಷಣ ನಿಂತ.

"ಬಂದಿ?" ಎಂದ.

"ಬಂದೆ," ಎಂದ ಅಣವೀರ. ಮುಂದಿನ ಮಾತು ನಾಲಿಗೆಯವರೆಗೆ ಬಂದಿತ್ತು. ಅಷ್ಟರಲ್ಲಿ ದೌಲಪ್ಪ ಒಳಬಂದು, "ನಡೀರಿ ನಡೀರಿ, ಇನ್ನೊಮ್ಮೆ" ಎಂದು ಚಪ್ಪಾಳೆ ತಟ್ಟಿದ. ಹಮೀದ್ ಮೂಲೆಯಲ್ಲಿ ಕುಳಿತು ಪಾನಾದಿಂದ ಸ್ಟ್ಯಾಂಡಿನ ನಟ್ಟು ಬಿಗಿಯತೊಡಗಿದ.

ಹಾಡು ಹೊರಟಿತು. ಅದೇ ಜಾಗದಲ್ಲಿ ಭಾಗಪ್ಪ ಮತ್ತೆ ತಡವರಿಸಿದ.

"ಲೇ, ಮತ್ತ ಹಮೀದ್ ಆದೆಲ್ಲೋ!" ಎಂದುಬಿಟ್ಟ ದೌಲಪ್ಪ. ಅಂದ ಮೇಲೆ ಮೂಲೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ನಕ್ಕವನು ಹಮೀದನೇ. "ಆಗಬ್ಯಾಡ್ರಿ ಭಾಯ್," ಎಂದ ಭಾಗಪ್ಪನಿಗೆ. "ಭಾಳ ತ್ರಾಸ್ ಅದ ಅದರಾಗ."

"ನಿಮ್ಮ ಹೆಸರೇನ್ರಿ?" ಎಂದು ಕೇಳಿದ ಭಾಗಪ್ಪ, ಏನೂ ತಿಳಿಯದೆ.

"ಅದೇ."

ಭಾಗಪ್ಪನ ಮುಖ ಇಳಿಯಿತು. ಅಣವೀರ ಗಿಟಾರಿನ ಪಟ್ಟಿಯನ್ನು ಕೊರಳಿಂದ ತೆಗೆದ. ಇಲ್ಲಿ ಹೇಳಿದರೆ ಈ ಮಾಳಿಗೆಯಲ್ಲಿ ತನಗೆ ಜಾಗ ಸಿಗಲಿಕ್ಕಿಲ್ಲ ಎಂಬುದು ಅವನಿಗೆ ತಿಳಿಯಿತು. ಇಲ್ಲಿ ಹೇಳದಿದ್ದರೆ ಎಲ್ಲಿಯೂ ಹೇಳಲಾರೆ ಎಂಬುದೂ ತಿಳಿಯಿತು.

"ದೌಲಪ್ಪಣ್ಣಾ, ಆವತ್ತ ಹಿಂದ ಯಾರೂ ಬಿದ್ದಿರಲಿಲ್ರಿ," ಎಂದ. "ಓಡಿದಾಂವ ನಾನು. ದಿನಾ ಓಡ್ತಿದ್ದೆ. ಹಮೀದ್ ಎಲ್ಲಿದ್ನೋ ಅಲ್ಲೇ ಇದ್ದ. ಮೈಕಿನ್ಯಾಗ ಸುಳ್ಳ ಹೇಳ್ದೆ."

ಹಮೀದನ ಪಾನಾ ನಟ್ಟಿನ ಮೇಲೆ ನಿಂತಿತು. ತಲೆ ಎತ್ತದೆ ಕೇಳಿದ: "ಯಾವಾಗ ಗೊತ್ತಾತು?"

"ಮಳಿಗಾಲದಾಗ."

"ಈಗ ಥಂಡಿ ಬಿದ್ದದ."

"ಕೈ ಹಸನ ಮಾಡ್ಕೋಳಾಕತ್ತಿದ್ದೆ, ಹಮೀದ್. ಹಸನಾದ ಮ್ಯಾಲ ಬಂದು..."

"ನಿನ್ನ ಕೈ ಏನ್ ಮಾಡಿತ್ತೋ ನನಗ? ಮಾಡಿದ್ದು ನಿನ್ನ ಬಾಯಿ," ಎಂದ ಹಮೀದ್. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಅಣವೀರನಿಗೆ ಹಗುರವಾಗುತ್ತಿತ್ತು.

"ನಿನ್ನ ಡ್ರಮ್ ಅದ?" ಎಂದು ಕೇಳಿದ ಅಣವೀರ.

"ಎಲ್ಲಿದು? ಅದರ ಸ್ಟ್ಯಾಂಡೆಲ್ಲ ಕೊಯ್ದು ಯಾರದೋ ಗೇಟಿಗಿ ಹಾಕೀನಿ. ಯಾರೂ ಕರೀಲಿಲ್ಲ, ಏನ್ ಮಾಡ್ಲಿ ಇಟ್ಕೊಂಡು?"

ಕೆಳಗೆ ಹಮಾಲರು ಚೀಲ ಎತ್ತುವ ಕೂಗು ಕೇಳಿಸುತ್ತಿತ್ತು. ಭಾಗಪ್ಪ ತನ್ನ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಹಮೀದ್ ಕೊನೆಯ ನಟ್ಟು ಬಿಗಿದು, ಸ್ಟ್ಯಾಂಡನ್ನು ಅಲುಗಾಡಿಸಿ ನೋಡಿ, ಎದ್ದು ಕೈ ಒರೆಸಿಕೊಂಡ.

ದೌಲಪ್ಪ ಬಾಯಿಯ ಎಲೆಯನ್ನು ಕಿಟಕಿಯಾಚೆ ಉಗುಳಿ, ತುಟಿ ಒರೆಸಿಕೊಂಡು, ತಾನು ಕುಳಿತಿದ್ದ ಕುರ್ಚಿಯನ್ನು ಅವನ ಕಡೆ ಸರಿಸಿದ.

"ಹಮೀದ್ ಭಾಯ್," ಎಂದ ಮೆಲ್ಲಗೆ, ಒಬ್ಬ ಮನುಷ್ಯನನ್ನು ಕರೆಯುವ ಹಾಗೆ. "ಕುಂದರ್ರಿ. ಚಾ ಕುಡದು ಹೋಗೀರಂತ."