ಗಡ್ಡದಜ್ಜನ ಪೂರ್ವಾಶ್ರಮ

ಅಜ್ಜಂಪುರದ ಕರಿಬಸಮ್ಮನವರ ಮನೆಯ ದೇವರ ಜಗಲಿಯಲ್ಲಿ ನಡುವೆ ವೀರಭದ್ರಸ್ವಾಮಿ, ಎಡಕ್ಕೆ ಮಠದ ಗುರುಗಳು, ಬಲಕ್ಕೆ ಗಡ್ಡದಜ್ಜ. ಗಡ್ಡದಜ್ಜನದು ಕಪ್ಪುಬಿಳುಪಿನ ಪಟ. ಎದೆಗಿಳಿದ ಗಡ್ಡ, ಭುಜಕ್ಕೆ ಬಿದ್ದ ಕೂದಲು, ಎದುರಿಗಿದ್ದವರನ್ನು ದಾಟಿ ಎಲ್ಲೋ ದೂರಕ್ಕೆ ನೆಟ್ಟ ಕಣ್ಣು. ಹಣೆ ಇರುವ ಕಡೆ ಗಾಜಿನ ಮೇಲೆ ಕರಿಬಸಮ್ಮ ದಿನಾ ಬೆಳಿಗ್ಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಮೂವತ್ತು ವರ್ಷ ಎಳೆದೂ ಎಳೆದೂ ಗಾಜಿನ ಆ ಜಾಗ ಮಬ್ಬಾಗಿಬಿಟ್ಟಿದೆ.

ಈ ಅಜ್ಜನ ಮಹಿಮೆ ಬೀದಿಗೆಲ್ಲ ಗೊತ್ತು. ಕರಿಬಸಮ್ಮನ ಮಗ ಪ್ರಸನ್ನಕುಮಾರ ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕಾದರೂ ದಾಟಿದ್ದು ಅಜ್ಜನಿಂದ. ತಪ್ಪಿಸಿಕೊಂಡ ಹಸು ಬುಕ್ಕಾಂಬುಧಿ ಕೆರೆಯ ಏರಿ ಮೇಲೆ ಸಿಕ್ಕಿದ್ದು ಅಜ್ಜನಿಂದ. ಎದುರುಮನೆ ವಿಶಾಲಾಕ್ಷಮ್ಮನ ಮಂಡಿನೋವು ಮಾತ್ರ ಹೋಗಲಿಲ್ಲ. ಅದಕ್ಕೆ ಕರಿಬಸಮ್ಮ, "ಅವಳು ಒಂದು ಕಣ್ಣು ಬಿಟ್ಕೊಂಡು ಕೈ ಮುಗೀತಾಳೆ, ಅಜ್ಜಂಗೆ ಗೊತ್ತಾಗಲ್ವಾ?" ಎನ್ನುತ್ತಿದ್ದರು.

ಕರಿಬಸಮ್ಮನಿಗೆ ಇನ್ನೊಂದು ಅಭ್ಯಾಸವಿತ್ತು. ಸೋಮವಾರದ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಎಷ್ಟು ಜನವೋ ಅದಕ್ಕಿಂತ ಒಂದು ಎಲೆ ಹೆಚ್ಚಾಗಿ ಹಾಕುವುದು. ಆ ಎಲೆ ಇನ್ನೂ ಬರದೆ ಇರುವವರಿಗೆ. ಯಾರು ಬರುತ್ತಾರೆಂದು ಕೇಳಬಾರದು, ಯಾರೂ ಬರಲಿಲ್ಲವೆಂದು ಬೇಸರಪಡಬಾರದು. ಹೊಸದಾಗಿ ಮದುವೆಯಾಗಿ ಬಂದ ಸೊಸೆ ದೀಪಶ್ರೀ ಈ ಸಂಗತಿಗೆ ಬೆರಗಾಗಿ ನೋಡುತ್ತಿದ್ದ ಮೊದಲ ಸೋಮವಾರ ಆ ಎಲೆಗೆ ಬಂದು ಕೂತವನು ಗ್ಯಾಸ್ ಸಿಲಿಂಡರ್ ತಂದವನು. ಎರಡು ಸಲ ಪಾಯಸ ಹಾಕಿಸಿಕೊಂಡ.

ದೀಪಶ್ರೀ ಲಕ್ಕವಳ್ಳಿಯ ಹುಡುಗಿ. ಅವಳ ತಂದೆ ಡ್ಯಾಮಿನ ಆಫೀಸಿನಲ್ಲಿದ್ದರು. ಅವಳು ತರೀಕೆರೆಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಮನೆ ತುಂಬಿಸಿಕೊಂಡ ದಿನ ಅತ್ತೆ ಅವಳನ್ನು ಜಗಲಿಯ ಮುಂದೆ ನಿಲ್ಲಿಸಿ, "ನಮ್ಮ ಗಡ್ಡದಜ್ಜ ಕಣಮ್ಮಾ, ದೀಪ ಹಚ್ಚು" ಎಂದರು. ದೀಪಶ್ರೀ ದೀಪ ಹಚ್ಚಿದಳು, ಅಡ್ಡಬಿದ್ದಳು, ತಲೆಯೆತ್ತಿದಳು. ಎತ್ತಿದ ತಲೆ ಅಲ್ಲೇ ನಿಂತುಬಿಟ್ಟಿತು. ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಪಾಠ ಮಾಡುವವಳಿಗೆ ಆ ಗಡ್ಡ ತಿಳಿಯದೆ ಇದ್ದೀತೆ? ಜಗತ್ತಿನ ಮೂಲವಸ್ತುಗಳನ್ನೆಲ್ಲ ಸಾಲುಸಾಲಾಗಿ ಕೂರಿಸಿ ಕೋಷ್ಟಕ ಬರೆದ ರಷ್ಯಾದ ವಿಜ್ಞಾನಿ, ಮೆಂಡಲೀವ್. ಕೊರಳಲ್ಲಿ ಕಣಗಿಲೆ ಹೂವಿನ ಹಾರ, ಹಣೆಯಲ್ಲಿ ವಿಭೂತಿ.

ನಗು ಬಂದದ್ದನ್ನು ನಮಸ್ಕಾರದಲ್ಲಿ ಮುಚ್ಚಿಕೊಳ್ಳಲು ಅವಳು ಮತ್ತೊಮ್ಮೆ ಅಡ್ಡಬಿದ್ದಳು. "ಎಂಥ ಭಕ್ತಿ ನೋಡ್ರೇ!" ಎಂದು ಅತ್ತೆ ನೆಂಟರಿಗೆಲ್ಲ ತೋರಿಸಿದರು.

ಗಂಡನಿಗೆ ಹೇಳಿದಾಗ ಪ್ರಸನ್ನಕುಮಾರ ತಲೆ ಕೆರೆದುಕೊಂಡ. "ಅಪ್ಪ ಹೈಸ್ಕೂಲ್ ಲ್ಯಾಬಲ್ಲಿ ಅಟೆಂಡರ್ ಆಗಿದ್ರಲ್ಲ. ಸುಣ್ಣ ಹೊಡೆಯೋವಾಗ ಹಳೇ ಪಟ ಎಲ್ಲ ಹೊರಗಾಕಿದ್ರಂತೆ. ಅದ್ರಲ್ಲಿ ಒಂದನ್ನ ತಂದು ಬೀರೂರಲ್ಲಿ ಗಾಜು, ಕಟ್ಟು ಹಾಕ್ಸಿದ್ರು. ಅಮ್ಮ ಅದನ್ನ ಜಗಲಿ ಮೇಲಿಟ್ಲು. ನಂಗೆ ಅಷ್ಟೇ ಗೊತ್ತು."

"ಅತ್ತೆಗೆ ಹೇಳ್ಬೇಕಲ್ರೀ?"

"ಅಯ್ಯೋ ಮಾರಾಯ್ತಿ! ಅಪ್ಪ ಹೋದ್ಮೇಲೆ ಅಮ್ಮ ಮನಸ್ಸು ಬಿಚ್ಚಿ ಮಾತಾಡೋದು ಅವರೊಬ್ಬರ ಹತ್ರಾನೇ. ಹೇಳೋದಾದ್ರೆ ಮೊದ್ಲು ನಂಗೆ ತಿಳಿಸು, ನಾನು ಕೆರೆ ಏರಿ ಮೇಲೆ ಗುಡಿಸಲು ಹಾಕ್ಕೊಂಡಿರ್ತೀನಿ."

ದೀಪಶ್ರೀ ಸುಮ್ಮನಾದಳು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಮೆಂಡಲೀವನಿಗೆ ದೀಪ ಹಚ್ಚುವುದು, ಹತ್ತೂವರೆಗೆ ತರೀಕೆರೆಯಲ್ಲಿ ಅವನದೇ ಪಾಠ ಮಾಡುವುದು. ನಿಜ ಹೇಳಿದರೆ ಆ ದೀಪ ಹಚ್ಚುವಾಗ ಬರಬರುತ್ತಾ ನಗು ಬರುತ್ತಿರಲಿಲ್ಲ.

ಹೀಗೇ ಆರು ತಿಂಗಳು ಕಳೆದಿತ್ತು. ಸಂಕ್ರಾಂತಿಯಾದ ಮೇಲಿನ ಭಾನುವಾರ ಊರಿನ ಮಹಿಳಾ ಬಳಗದವರು ಸಮುದಾಯ ಭವನದಲ್ಲಿ ಅತ್ತೆ ಸೊಸೆಯರಿಗೆಂದು 'ಯಾರಿವರು?' ಎಂಬ ಸ್ಪರ್ಧೆ ಇಟ್ಟರು. ಪರದೆಯ ಮೇಲೆ ದೊಡ್ಡವರೊಬ್ಬರ ಚಿತ್ರ ಸ್ವಲ್ಪಸ್ವಲ್ಪವೇ ತೆರೆದುಕೊಳ್ಳುತ್ತದೆ, ಜೊತೆಗೆ ಮೂರು ಸುಳಿವು. ಮೊದಲ ಸುಳಿವಿಗೇ ಹೇಳಿದರೆ ಇಪ್ಪತ್ತು ಅಂಕ, ಎರಡನೆಯದಕ್ಕೆ ಹದಿನೈದು, ಮೂರನೆಯದಕ್ಕೆ ಹತ್ತು. ಗೆದ್ದವರಿಗೆ ಇಡ್ಲಿ ಕುಕ್ಕರ್. ನಡೆಸಿಕೊಡುವವರು ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡಿ ನಿವೃತ್ತರಾಗಿದ್ದ ಯೋಗಾನಂದ ಮೇಷ್ಟ್ರು.

ಕೊನೆಯ ಸುತ್ತಿಗೆ ಉಳಿದದ್ದು ಎರಡೇ ಜೋಡಿ. ಕರಿಬಸಮ್ಮ ಮತ್ತು ದೀಪಶ್ರೀ ಒಂದು. ವಿಶಾಲಾಕ್ಷಮ್ಮ ಮತ್ತು ಅವರ ಸೊಸೆ ಶಾಂಭವಿ ಇನ್ನೊಂದು.

ಮೊದಲ ಚಿತ್ರದಲ್ಲಿ ಬರೀ ಪೇಟ ಕಾಣಿಸಿತು. ವಿಶಾಲಾಕ್ಷಮ್ಮ ಗಂಟೆ ಬಾರಿಸಿ, "ನಮ್ಮನೆಯವರು! ಮದುವೆ ಫೋಟೋ, ನಿಮಗೆಲ್ಲಿ ಸಿಕ್ತು ಮೇಷ್ಟ್ರೇ?" ಎಂದರು.

"ಅಲ್ಲ ತಾಯಿ. ಕನ್ನಂಬಾಡಿ ಕಟ್ಟೆ ಕಟ್ಟಿಸಿದೋರು."

"ನಮ್ಮನೆಯವ್ರು ಕಾಂಪೌಂಡೂ ಕಟ್ಟಿಸ್ಲಿಲ್ಲ ಬಿಡಿ," ಎಂದು ವಿಶಾಲಾಕ್ಷಮ್ಮ ಕೂತರು. ವಿಶ್ವೇಶ್ವರಯ್ಯನವರ ಅಂಕ ದೀಪಶ್ರೀಗೆ ಬಂತು. ಕುದುರೆಯ ಕಾಲು ಕಂಡ ಕೂಡಲೇ ಶಾಂಭವಿ ಕಿತ್ತೂರು ಚೆನ್ನಮ್ಮ ಎಂದಳು. ಹೀಗೆ ಏರಿಳಿದು, ಕಡೆಯ ಚಿತ್ರಕ್ಕೆ ಬರುವ ಹೊತ್ತಿಗೆ ವಿಶಾಲಾಕ್ಷಮ್ಮನ ಜೋಡಿ ಐದು ಅಂಕ ಮುಂದಿತ್ತು.

ಪರದೆಯ ಮೇಲೆ ಭುಜಕ್ಕೆ ಬಿದ್ದ ಒಂದು ಹಿಡಿ ಬಿಳಿಕೂದಲು ಮೂಡಿತು. ದೀಪಶ್ರೀ ಗಂಟೆಯ ಮೇಲಿದ್ದ ಬೆರಳನ್ನು ಸುಡುವ ಪಾತ್ರೆಯಿಂದ ತೆಗೆದ ಹಾಗೆ ತೆಗೆದುಬಿಟ್ಟಳು.

"ಮೊದಲ ಸುಳಿವು," ಎಂದರು ಮೇಷ್ಟ್ರು. "ತಂದೆಗೆ ಕಣ್ಣು ಹೋಯಿತು. ಮನೆತುಂಬ ಮಕ್ಕಳು, ಇವರೇ ಕಿರಿಯವರು. ತಾಯಿ ಇವರನ್ನು ಸಾವಿರ ಮೈಲಿಗೂ ದೂರ ಕರೆದುಕೊಂಡು ಹೋಗಿ ವಿದ್ಯೆಗೆ ಹಾಕಿದಳು."

ವಿಶಾಲಾಕ್ಷಮ್ಮ ಗಂಟೆ ಬಾರಿಸಿದರು. "ಶ್ರವಣಕುಮಾರ!"

"ಫೋಟೋ ಇರೋರ ಹೆಸರು ಹೇಳ್ಬೇಕು ತಾಯಿ."

ಸಭೆ ನಗುತ್ತಿತ್ತು. ಕರಿಬಸಮ್ಮ ಮಾತ್ರ ಕುತ್ತಿಗೆ ಮುಂದೆ ಚಾಚಿ ಪರದೆ ನೋಡುತ್ತಿದ್ದರು. ಅತ್ತೆ ಗುರುತು ಹಿಡಿಯದಿರಲಿ ಎಂದು ದೀಪಶ್ರೀ ಮನಸ್ಸಿನಲ್ಲೇ ಬೇಡಿಕೊಂಡಳು. ಯಾರಲ್ಲಿ ಬೇಡಿಕೊಂಡೆ ಎಂದು ನೋಡಿಕೊಂಡರೆ, ಅಭ್ಯಾಸಬಲ, ಗಡ್ಡದಜ್ಜನಲ್ಲೇ.

"ಎರಡನೇ ಸುಳಿವು. ಗಡ್ಡ, ಕೂದಲು ವರ್ಷಕ್ಕೊಂದೇ ಸಲ ಕತ್ತರಿಸುತ್ತಿದ್ದರಂತೆ. ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದು ಇವರಿಗೆ ಕನಸಿನಲ್ಲಿ ಕಾಣಿಸಿತಂತೆ."

ಪರದೆಯಲ್ಲಿ ಕಣ್ಣು ತೆರೆದುಕೊಂಡವು. ಮೂವತ್ತು ವರ್ಷ ದಿನಾ ಬೆಳಿಗ್ಗೆ ನೋಡಿದ ಕಣ್ಣು. ಕರಿಬಸಮ್ಮ ಕುರ್ಚಿಯಿಂದ ಅರ್ಧ ಎದ್ದರು.

"ದೀಪಾ... ಇದು..."

"ಕೂತ್ಕೊಳ್ಳಿ ಅತ್ತೆ. ಬೇರೆ ಯಾರೋ ಇರ್ಬೇಕು."

"ಮೂರನೇ ಸುಳಿವು. ಇವರು ಎಲ್ಲರನ್ನೂ ಸಾಲಾಗಿ ಕೂರಿಸಿದರು. ಇನ್ನೂ ಬಾರದವರಿಗೂ ಜಾಗ ಬಿಟ್ಟು ಕಾದರು. ಇಂಥಿಂಥವರು ಬರುತ್ತಾರೆ ಎಂದರು. ಹಾಗೇ ಒಬ್ಬೊಬ್ಬರಾಗಿ ಬಂದರು."

ಚಿತ್ರ ಪೂರ್ತಿ ತೆರೆಯಿತು. ಹಾರವಿಲ್ಲದ, ವಿಭೂತಿಯಿಲ್ಲದ ಗಡ್ಡದಜ್ಜ ಗೋಡೆಯಗಲ ಕೂತಿದ್ದರು.

ಕರಿಬಸಮ್ಮ ಅಂಗೈಯಿಂದ ಗಂಟೆಯನ್ನು ಬಡಿದ ರಭಸಕ್ಕೆ ಅದು ಮೇಜಿನಿಂದ ಉರುಳಿತು. "ನಮ್ಮಜ್ಜ! ನಮ್ಮ ಮನೆ ಗಡ್ಡದಜ್ಜ!"

ಭವನ ಘೊಳ್ಳೆಂದು ನಕ್ಕಿತು. "ಕರಿಬಸಕ್ಕಂಗೆ ಗಡ್ಡ ಇದ್ದೋರೆಲ್ಲ ಅಜ್ಜಂದಿರೇ ಕಣ್ರೇ," ಎಂದರು ವಿಶಾಲಾಕ್ಷಮ್ಮ. ಯೋಗಾನಂದ ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. "ಹೆಸರು ಹೇಳ್ಬೇಕಮ್ಮಾ. ಹತ್ತು ಸೆಕೆಂಡ್ ಇದೆ."

"ದೊಡ್ಡೋರನ್ನ ಹೆಸರಿಟ್ಟು ಕರೀತಾರೇನ್ರೀ ಮೇಷ್ಟ್ರೇ?" ಕರಿಬಸಮ್ಮ ಗದರಿದರು. ಆದರೆ ನಗು ನಿಲ್ಲಲಿಲ್ಲ. ಅವರು ಸಭೆಯನ್ನೊಮ್ಮೆ ನೋಡಿ, ಸೊಸೆಯ ಕಡೆ ತಿರುಗಿದರು. "ನೀನಾದ್ರೂ ಹೇಳೇ. ದಿನಾ ದೀಪ ಹಚ್ತೀಯಲ್ಲ. ನಮ್ಮಜ್ಜ ಅಲ್ವಾ ಇವರು?"

ಹೆಸರು ಹೇಳಿದರೆ ಅತ್ತೆಯ ಅಜ್ಜ ಹೋಗುತ್ತಾರೆ. ಹೇಳದಿದ್ದರೆ ಊರಿನ ಮುಂದೆ ಅತ್ತೆಯ ಮಾನ ಹೋಗುತ್ತದೆ. ದೀಪಶ್ರೀ ಎದ್ದು ನಿಂತು, ಉರುಳಿದ ಗಂಟೆಯನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಹೌದು. ಇವರು ನಮ್ಮ ಮನೆ ಅಜ್ಜಾನೇ," ಎಂದಳು. "ಹೆಸರು ಮೆಂಡಲೀವ್."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಸರಿ ಉತ್ತರ! ರಷ್ಯಾದ ಮಹಾನುಭಾವರು! ಹತ್ತು ಅಂಕ!" ಎಂದರು. ಐದು ಅಂಕದಿಂದ ಇಡ್ಲಿ ಕುಕ್ಕರ್ ಕರಿಬಸಮ್ಮನ ಪಾಲಾಯಿತು. ನಕ್ಕವರೇ ಈಗ ಚಪ್ಪಾಳೆ ಹೊಡೆದರು.

ದೀಪಶ್ರೀ ಹೆದರುತ್ತಾ ಅತ್ತೆಯ ಮುಖ ನೋಡಿದಳು. ಮುಖ ಕೆಂಪಾಗಿತ್ತು. ಕರಿಬಸಮ್ಮ ಅವಳ ತೋಳನ್ನು ಚಿವುಟಿ, ಹಲ್ಲು ಕಚ್ಚಿ ಪಿಸುಗುಟ್ಟಿದರು: "ಬುದ್ಧಿ ಇಲ್ವೇನೇ ನಿಂಗೆ? ಕಾವಿ ಉಟ್ಮೇಲೆ ಹಳೇ ಹೆಸರು ಮುಗೀತು. ಪೂರ್ವಾಶ್ರಮದ ಹೆಸರನ್ನ ತುಂಬಿದ ಸಭೇಲಿ ಯಾರಾದ್ರೂ ಹೇಳ್ತಾರೇನೇ? ಅಜ್ಜಂಗೆ ಎಷ್ಟು ಬೇಜಾರಾಯ್ತೋ!"

ದೀಪಶ್ರೀಗೆ ಬದುಕಿದೆಯಾ ಬಡಜೀವವೇ ಎನ್ನಿಸಿತು. ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಆದರೆ ಮನೆಗೆ ಹೋಗುವ ದಾರಿಯಲ್ಲಿ, ಕುಕ್ಕರನ್ನು ಮಗುವಿನ ಹಾಗೆ ಸೊಂಟದ ಮೇಲಿಟ್ಟುಕೊಂಡು ನಡೆಯುತ್ತಿದ್ದ ಕರಿಬಸಮ್ಮ ಕೇಳಿದರು, "ಮೇಷ್ಟ್ರು ರಷ್ಯಾ ಅಂದ್ರಲ್ಲ. ಅಜ್ಜ ಅಲ್ಲೂ ಮಠ ಕಟ್ಸಿದ್ರಾ?"

ಇಷ್ಟು ನಂಬಿ ಕೇಳುವವರಿಗೆ ಇನ್ನೊಂದು ಕಥೆ ಕಟ್ಟಿ ಹೇಳಲು ದೀಪಶ್ರೀಗೆ ಬಾಯಿ ಬರಲಿಲ್ಲ. ಸ್ಟೇಷನ್ ರಸ್ತೆಯ ಬೇವಿನ ಮರದ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿದಳು. ಎಲ್ಲವನ್ನೂ ಹೇಳಿದಳು. ಕಾವಿ ಇಲ್ಲ, ಮಠ ಇಲ್ಲ, ಲಿಂಗ ಇಲ್ಲ. ಲ್ಯಾಬು, ಸುಣ್ಣ, ಹೊರಗೆ ಹಾಕಿದ ಪಟ.

ಬೀರೂರಿನ ಕಡೆಯಿಂದ ರೈಲೊಂದು ಬಂದು, ನಿಂತು, ಹೋಯಿತು.

"ಹಂಗಾದ್ರೆ ನಿಮ್ಮ ಮಾವ ನಂಗೆ ಸುಳ್ಳು ಹೇಳಿದ್ರಾ?"

ದೀಪಶ್ರೀ ಅತ್ತೆಯ ಪಕ್ಕಕ್ಕೆ ಸರಿದು ಕೂತಳು. ಅತ್ತೆಗೆ ಅಜ್ಜ ಯಾರೆಂಬುದಕ್ಕಿಂತ ದೊಡ್ಡ ಪ್ರಶ್ನೆ ಅದು. "ಮಾವ ಏನು ಹೇಳಿದ್ರು ಅತ್ತೆ? ಅವರಾಡಿದ ಮಾತನ್ನ ಹಂಗಂಗೇ ಹೇಳಿ ನೋಡೋಣ."

ಕರಿಬಸಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಪಟಾನ ಪಂಚೇಲಿ ಸುತ್ಕೊಂಡು ಬಂದ್ರು. 'ಬಾಳ ದೊಡ್ಡೋರು ಕಣೇ ಇವರು' ಅಂದ್ರು. 'ಮುಂದೆ ಬರೋದನ್ನ ಮೊದ್ಲೇ ಹೇಳಿದ್ರಂತೆ, ಎಲ್ಲಾ ನಿಜ ಆಯ್ತಂತೆ' ಅಂದ್ರು. 'ಇಂಥೋರನ್ನ ತಿಪ್ಪೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ' ಅಂದ್ರು."

"ಮತ್ತೆ?"

"ಮತ್ತೇನಿಲ್ಲ. ನಾನೇ ವಿಭೂತಿ ಹಚ್ಚಿ ಜಗಲಿ ಮೇಲಿಟ್ಟೆ. ಅವರು ನೋಡಿ... ಏನೋ ಹೇಳೋಕ್ ಬಾಯಿ ತೆಗೆದ್ರು. ಆಮೇಲೆ ಕೈ ಮುಗಿದು ಕಾಫಿ ಕುಡಿಯೋಕೆ ಹೋದ್ರು."

"ಹೇಳಿದ್ರಲ್ಲಿ ಒಂದು ಮಾತೂ ಸುಳ್ಳಿಲ್ಲ ಅತ್ತೆ."

ಕರಿಬಸಮ್ಮ ಸೊಸೆಯನ್ನು ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕಡೆಗೆ ಕಟ್ಟೆಯ ಮೇಲಿದ್ದ ಕುಕ್ಕರಿನ ಮುಚ್ಚಳವೂ ಟಣಟಣ ಎನ್ನತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಳ್ಳ ಮುಂಡೇದು! ಕಾಫಿಗೆ ಹೋಯ್ತು ನೋಡೇ!"

ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಬಾರದೆ ಇದ್ದೋರಿಗೆ ಜಾಗ ಬಿಟ್ಟಿದ್ದು, ಅದು ನಿಜಾನಾ?" ಎಂದರು.

"ನಿಜ ಅತ್ತೆ. ಕೋಷ್ಟಕದಲ್ಲಿ ಖಾಲಿ ಮನೆ ಬಿಟ್ಟಿದ್ರು. ಇಂಥ ಗುಣದ್ದು ಮುಂದೆ ಸಿಗುತ್ತೆ ಅಂತ ಬರೆದಿಟ್ರು. ಆಮೇಲೆ ಒಂದೊಂದೇ ಸಿಕ್ತು."

"ಸೋಮವಾರದ ಎಲೆ ಹಂಗೆ."

"ಹೂಂ. ಹಂಗೇನೇ."

ಕರಿಬಸಮ್ಮ ಎದ್ದು ಕುಕ್ಕರನ್ನು ಸೊಸೆಯ ಸೊಂಟಕ್ಕೆ ದಾಟಿಸಿದರು. "ಮೂವತ್ತು ವರ್ಷದ ಹಿಂದೆ ಮನೆಗೆ ಬಂದೋರು. ಯಾವೂರು ಅಂತ ಇವತ್ತು ಗೊತ್ತಾಯ್ತು, ಅಷ್ಟೇ ತಾನೆ? ಅದಕ್ಕೇಂತ ಎಬ್ಬಿಸಿ ಕಳಿಸ್ತಾರಾ? ನಡಿ, ದೀಪದ ಹೊತ್ತಾಯ್ತು."

ಮರುದಿನ ಸೋಮವಾರ. ವಿಭೂತಿ ಎಂದಿನಂತೆ ಬಿತ್ತು. ಎಳೆಯುವ ಮುನ್ನ ಮಾತ್ರ ಕರಿಬಸಮ್ಮ, "ನಿಮ್ಮ ಕಡೆ ಪದ್ಧತಿ ನಂಗೆ ಗೊತ್ತಿಲ್ಲ. ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊಳಿ" ಎಂದರು.

ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ ಬಂತು. ಇಡ್ಲಿ ಕುಕ್ಕರ್ ಸೋತ ಬೇಸರವನ್ನು ಮರೆತು ವಿಶಾಲಾಕ್ಷಮ್ಮ ಮೊಮ್ಮಗಳನ್ನು ಕರೆತಂದು ಜಗಲಿಯ ಮುಂದೆ ನಿಲ್ಲಿಸಿದರು. ಕರಿಬಸಮ್ಮ ಆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು.

"ನಾಳೆ ಯಾವ ಪರೀಕ್ಷೆನೇ?"

"ಫಿಸಿಕ್ಸ್ ಅಜ್ಜಿ."

"ಅಯ್ಯೋ, ಇವರು ಕೆಮಿಸ್ಟ್ರಿಯೋರು ಕಣೇ," ಎಂದರು ಕರಿಬಸಮ್ಮ. ಹುಡುಗಿಯ ಮುಖ ಬಾಡಿದ್ದು ನೋಡಿ ಮನಸ್ಸು ತಡೆಯದೆ, "ಇರ್ಲಿ, ಬಂದಿದ್ದೀಯಲ್ಲ, ಅಡ್ಡಬೀಳು. ಪಕ್ಕದ ರೂಮಿನ ಪಾಠ ತಾನೆ, ಯಾರಿಗಾದ್ರೂ ಒಂದ್ಮಾತು ಹೇಳಿ ನೋಡ್ತಾರೆ," ಎಂದು ಅವಳ ಹಣೆಗೂ ಮೂರು ಬೆರಳಿನ ವಿಭೂತಿ ಎಳೆದರು. ವಿಶಾಲಾಕ್ಷಮ್ಮ ಒಂದು ಕಣ್ಣು ಬಿಟ್ಟುಕೊಂಡೇ ಕೈ ಮುಗಿಯುತ್ತಿದ್ದರು.